ಡಿಸ್ಕ್ ಕೆಟ್ಟ ಮೇಲೆ ಸಿಗುವ ಕಾಲಾವಕಾಶ

ಮುಂಬೈಯ ಹಣಕಾಸು, ಸಂಶೋಧನೆ ಮತ್ತು ವ್ಯಾಪಾರದ ದಾಖಲೆಗಳಲ್ಲಿ ಬಹುಪಾಲು ಇಂದು ಡಿಸ್ಕ್‌ಗಳಲ್ಲಿವೆ. 1875ರಲ್ಲಿ ಆರಂಭವಾದ ದಲಾಲ್ ಸ್ಟ್ರೀಟಿನ ಷೇರುಪೇಟೆಯು ಕೂಗಿ ವ್ಯವಹರಿಸುವ ಪದ್ಧತಿಯನ್ನು ಬಿಟ್ಟು 1995ರಲ್ಲಿ ಗಣಕದ ಪರದೆಗೆ ಬಂದಿತು. ಅದಕ್ಕಿಂತ ಒಂದು ವರ್ಷ ಮೊದಲೇ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ, ಅಂದರೆ ಎನ್‌ಎಸ್‌ಇ, ಪರದೆಯ ಮೇಲೆಯೇ ತನ್ನ ವಹಿವಾಟನ್ನು ಶುರು ಮಾಡಿತ್ತು. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಸಿಎಂಎಸ್ ಪ್ರಯೋಗದ ದತ್ತಾಂಶವನ್ನು ಸಂಗ್ರಹಿಸಿ ವಿಶ್ಲೇಷಿಸುವ ಜಾಗತಿಕ ಗಣಕಜಾಲದಲ್ಲಿ ಒಂದು ಕೇಂದ್ರವಾಗಿದೆ. ಪವಾಯಿಯಿಂದ ಐರೋಲಿ, ಮಹಾಪೆಗಳವರೆಗೆ ಹಬ್ಬಿರುವ ದತ್ತಾಂಶ ಕೇಂದ್ರಗಳಲ್ಲಿ ಸಾವಿರಾರು ಡಿಸ್ಕ್‌ಗಳು ಹಗಲಿರುಳು ತಿರುಗುತ್ತವೆ. ಮಾಟುಂಗ, ಮುಲುಂಡ್, ಡೊಂಬಿವಲಿಗಳಂಥ ಕಡೆ ಲೆಕ್ಕಪರಿಶೋಧಕರ, ವೈದ್ಯರ, ಛಾಯಾಗ್ರಾಹಕರ ಕಚೇರಿಗಳಲ್ಲಿ ನಾಲ್ಕು ಡಿಸ್ಕ್ ಹಿಡಿಯುವ ಪುಟ್ಟ ಪೆಟ್ಟಿಗೆಯೊಂದು ಅದೇ ಕೆಲಸವನ್ನು ಮಾಡುತ್ತದೆ.

ಈ ಎರಡರ ಗಾತ್ರದಲ್ಲಿ ಎಷ್ಟೇ ಅಂತರವಿದ್ದರೂ ಅವುಗಳ ಹಿಂದಿರುವ ವಿಧಾನ ಒಂದೇ. ಹಲವು ಡಿಸ್ಕ್‌ಗಳನ್ನು ಒಂದೇ ಡಿಸ್ಕ್ ಎಂಬಂತೆ ಜೋಡಿಸಿ, ಅವುಗಳಲ್ಲಿ ಒಂದೆರಡು ಕೆಟ್ಟರೂ ದತ್ತಾಂಶ ಉಳಿಯುವಂತೆ ಮಾಡುವ ಈ ವಿಧಾನಕ್ಕೆ ರೇಡ್ ಎಂದು ಹೆಸರು. ಹೀಗೆ ಜೋಡಿಸಿದ ಡಿಸ್ಕ್‌ಗಳ ಗುಂಪನ್ನು ಅರೇ ಎನ್ನುತ್ತಾರೆ. ಡಿಸ್ಕ್‌ಗಳನ್ನು ಜೋಡಿಸಿ ಅರೇ ಕಟ್ಟಿದೊಡನೆ ಸುರಕ್ಷತೆ ಸಿಕ್ಕಿತೆಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ರೇಡ್ ತಂದುಕೊಡುವುದು ಕಾಲಾವಕಾಶವನ್ನು ಮಾತ್ರ: ಒಂದು ಡಿಸ್ಕ್ ಕೆಟ್ಟ ಗಳಿಗೆಯಿಂದ ದತ್ತಾಂಶ ನಷ್ಟವಾಗುವ ಗಳಿಗೆಯವರೆಗೆ ದುರಸ್ತಿಗೆ ಸಿಗುವ ಗಂಟೆಗಳನ್ನು. ಆ ಗಂಟೆಗಳನ್ನು ಬಳಸಿಕೊಳ್ಳುವ ಕೆಲಸವೇ ನಿರ್ವಹಣೆ, ಮತ್ತು ನಿರ್ವಹಣೆಯಿಲ್ಲದ ಅರೇಯು ಬಿಡಿ ಡಿಸ್ಕ್‌ಗಿಂತ ಸ್ವಲ್ಪ ಕಾಲ ಹೆಚ್ಚು ಬಾಳುವ ಸಾಧನವಷ್ಟೇ.

ಕಳೆದುಹೋದ ಅಂಕಿಯನ್ನು ಮರಳಿ ಪಡೆಯುವ ಲೆಕ್ಕ

ಹಾರ್ಡ್ ಡಿಸ್ಕ್ ಎಂಬುದು ಕಾಂತೀಯ ಲೇಪನವುಳ್ಳ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ, ಅವುಗಳ ಮೇಲ್ಮೈಯಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ಓದು–ಬರಹದ ತಲೆಗಳು ತೇಲುವ ಯಂತ್ರ. ಇಷ್ಟು ಸೂಕ್ಷ್ಮವಾದ ಯಂತ್ರ ಒಂದಲ್ಲ ಒಂದು ದಿನ ಕೆಡುವುದು ಸಹಜ. 1980ರ ದಶಕದಲ್ಲಿ ದೊಡ್ಡ ಸಂಸ್ಥೆಗಳು ಬಹು ದುಬಾರಿಯಾದ ಬೃಹತ್ ಡಿಸ್ಕ್‌ಗಳನ್ನು ಬಳಸುತ್ತಿದ್ದವು. ಅದೇ ಹೊತ್ತಿಗೆ ವೈಯಕ್ತಿಕ ಗಣಕಗಳಿಗಾಗಿ ಅಗ್ಗದ ಸಣ್ಣ ಡಿಸ್ಕ್‌ಗಳು ಮಾರುಕಟ್ಟೆಗೆ ಬರತೊಡಗಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್‌ಲಿ ಶಾಖೆಯ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ 1988ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಇಂಥ ಹಲವು ಅಗ್ಗದ ಡಿಸ್ಕ್‌ಗಳನ್ನು ಒಟ್ಟುಗೂಡಿಸಿದರೆ ಒಂದು ದೊಡ್ಡ ಡಿಸ್ಕ್‌ಗಿಂತ ವೇಗವಾಗಿ ಕೆಲಸವಾಗುತ್ತದೆ ಎಂದು ತೋರಿಸಿದರು. ತೊಡಕು ಅವರ ಲೆಕ್ಕದಲ್ಲೇ ಕಾಣಿಸಿಕೊಂಡಿತು: ಒಂದು ಡಿಸ್ಕ್ ಸರಾಸರಿ 30,000 ಗಂಟೆ ಬಾಳುವುದಾದರೆ ಅಂಥ ನೂರು ಡಿಸ್ಕ್‌ಗಳ ಗುಂಪಿನಲ್ಲಿ ಸರಾಸರಿ 300 ಗಂಟೆಗೊಂದು, ಅಂದರೆ ಎರಡು ವಾರಕ್ಕೂ ಮೊದಲೇ ಒಂದು ಡಿಸ್ಕ್ ಕೆಡಬೇಕು. ಹಾಗಾಗಿ ಗುಂಪಿನಲ್ಲಿ ಹೆಚ್ಚುವರಿ ಮಾಹಿತಿಯನ್ನು ಇಡದೆ ಬೇರೆ ದಾರಿಯಿರಲಿಲ್ಲ.

ಈ ಹೆಚ್ಚುವರಿ ಮಾಹಿತಿಯನ್ನು ಇಡುವ ಕ್ರಮಗಳನ್ನು ಹಂತಗಳೆಂದು ಕರೆದು ಸಂಖ್ಯೆ ಕೊಡಲಾಗಿದೆ. ರೇಡ್ 1 ಎಂಬುದು ಒಂದು ಡಿಸ್ಕ್‌ನಲ್ಲಿರುವುದನ್ನೆಲ್ಲ ಇನ್ನೊಂದರಲ್ಲಿ ಯಥಾವತ್ತಾಗಿ ಬರೆಯುವ ಪ್ರತಿಬಿಂಬ ಕ್ರಮ. ರೇಡ್ 5ರಲ್ಲಿ ಪೂರ್ತಿ ನಕಲಿನ ಬದಲು ಪ್ಯಾರಿಟಿ ಎಂಬ ತಾಳೆ ಅಂಕಿಯನ್ನು ಇಡಲಾಗುತ್ತದೆ. ಮೂರು ಡಿಸ್ಕ್‌ಗಳಲ್ಲಿ ಒಂದೇ ಸ್ಥಾನದ ಬಿಟ್‌ಗಳನ್ನು ನೋಡಿ, ಅವುಗಳಲ್ಲಿ ಒಂದುಗಳ ಸಂಖ್ಯೆ ಬೆಸವಾಗಿದ್ದರೆ 1 ಎಂದೂ ಸಮವಾಗಿದ್ದರೆ 0 ಎಂದೂ ನಾಲ್ಕನೆಯ ಡಿಸ್ಕ್‌ನಲ್ಲಿ ಬರೆಯುವುದೇ ಪ್ಯಾರಿಟಿ. ಮೊದಲ ಡಿಸ್ಕ್‌ನಲ್ಲಿ 1011, ಎರಡನೆಯದರಲ್ಲಿ 0110, ಮೂರನೆಯದರಲ್ಲಿ 1100 ಇದ್ದರೆ ಪ್ಯಾರಿಟಿ 0001 ಆಗುತ್ತದೆ. ಎರಡನೆಯ ಡಿಸ್ಕ್ ಕೆಟ್ಟುಹೋಯಿತೆನ್ನೋಣ. ಉಳಿದ 1011, 1100 ಮತ್ತು 0001ಗಳಿಗೆ ಅದೇ ಸಮ–ಬೆಸದ ನಿಯಮವನ್ನು ಅನ್ವಯಿಸಿದರೆ 0110 ಎಂಬ ಉತ್ತರ ಬರುತ್ತದೆ, ಅಂದರೆ ಕಳೆದುಹೋದದ್ದು ಒಂದು ಬಿಟ್ಟೂ ತಪ್ಪದೆ ಮರಳಿ ಸಿಗುತ್ತದೆ. ಪ್ಯಾರಿಟಿಯನ್ನೆಲ್ಲ ಒಂದೇ ಡಿಸ್ಕ್‌ನಲ್ಲಿ ಇಟ್ಟರೆ ಪ್ರತಿಯೊಂದು ಬರಹವೂ ಆ ಡಿಸ್ಕ್‌ಗಾಗಿ ಕಾಯಬೇಕಾಗುತ್ತದೆ. ಅದನ್ನು ತಪ್ಪಿಸಲು ರೇಡ್ 5ರಲ್ಲಿ ಪ್ಯಾರಿಟಿಯನ್ನು ಸರದಿಯಂತೆ ಎಲ್ಲ ಡಿಸ್ಕ್‌ಗಳಿಗೂ ಹಂಚಲಾಗುತ್ತದೆ.

ರೇಡ್ 6ರಲ್ಲಿ ಎರಡು ಸ್ವತಂತ್ರ ತಾಳೆ ಅಂಕಿಗಳಿರುತ್ತವೆ. ಎರಡನೆಯದನ್ನು ಲೆಕ್ಕ ಹಾಕಲು ಹಲವೆಡೆ ಬಳಸುವುದು ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ 1960ರಲ್ಲಿ ರೂಪಿಸಿದ ದೋಷ ತಿದ್ದುವ ಸಂಕೇತದ ಗಣಿತವನ್ನು. ಎರಡು ಸಮೀಕರಣಗಳಿಂದ ಎರಡು ಅಜ್ಞಾತಗಳನ್ನು ಬಿಡಿಸುವ ಹಾಗೆ, ಇಲ್ಲಿ ಯಾವುದೇ ಎರಡು ಡಿಸ್ಕ್‌ಗಳು ಕೆಟ್ಟರೂ ದತ್ತಾಂಶ ಉಳಿಯುತ್ತದೆ. ತಲಾ 16 ಟೆರಾಬೈಟ್‌ನ ಎಂಟು ಡಿಸ್ಕ್‌ಗಳಿಂದ ರೇಡ್ 5ರಲ್ಲಿ 112 ಟೆರಾಬೈಟ್, ರೇಡ್ 6ರಲ್ಲಿ 96 ಟೆರಾಬೈಟ್, ಜೋಡಿ ಪ್ರತಿಬಿಂಬಗಳನ್ನು ಸಾಲಾಗಿ ಜೋಡಿಸುವ ರೇಡ್ 10ರಲ್ಲಿ 64 ಟೆರಾಬೈಟ್ ಬಳಕೆಗೆ ಸಿಗುತ್ತದೆ. ರೇಡ್ 0 ಎಂಬ ಹೆಸರಿನಲ್ಲಿ ರೇಡ್ ಇದ್ದರೂ ಅದರಲ್ಲಿ ಹೆಚ್ಚುವರಿ ಮಾಹಿತಿಯೇ ಇಲ್ಲ. ಒಂದು ಡಿಸ್ಕ್ ಹೋದರೆ ಎಲ್ಲವೂ ಹೋಗುತ್ತದೆ.

ದುರಸ್ತಿಯ ಅವಧಿಯೇ ನಿರ್ಣಾಯಕ

ಒಂದು ಡಿಸ್ಕ್ ಕೆಟ್ಟಾಗ ಅರೇ ಕೆಲಸ ನಿಲ್ಲಿಸುವುದಿಲ್ಲ. ಕಳೆದುಹೋದ ಭಾಗವನ್ನು ಕೇಳಿದಾಗಲೆಲ್ಲ ಉಳಿದ ಡಿಸ್ಕ್‌ಗಳಿಂದ ಲೆಕ್ಕ ಹಾಕಿ ಒದಗಿಸುತ್ತದೆ. ಈ ಸ್ಥಿತಿಗೆ ಡಿಗ್ರೇಡೆಡ್, ಅಂದರೆ ಕುಂದಿದ ಸ್ಥಿತಿ ಎನ್ನುತ್ತಾರೆ. ಬಳಕೆದಾರರಿಗೆ ವೇಗ ಸ್ವಲ್ಪ ತಗ್ಗಿದ್ದು ಬಿಟ್ಟರೆ ಬೇರೇನೂ ಗೊತ್ತಾಗದಿರುವುದೇ ಇಲ್ಲಿನ ಅಪಾಯ. ಚಕ್ರ ಪಂಕ್ಚರ್ ಆಗಿ ಸ್ಟೆಪ್ನಿ ಹಾಕಿಕೊಂಡ ಕಾರು ಎಂದಿನಂತೆಯೇ ಓಡುತ್ತದೆ, ಆದರೆ ಡಿಕ್ಕಿಯಲ್ಲಿರುವ ಪಂಕ್ಚರ್ ಚಕ್ರವನ್ನು ರಿಪೇರಿ ಮಾಡಿಸುವವರೆಗೆ ಆ ಕಾರಿಗೆ ಸ್ಟೆಪ್ನಿ ಇಲ್ಲ. ಕುಂದಿದ ಸ್ಥಿತಿಯ ರೇಡ್ 5 ಅರೇಯೂ ಹಾಗೆಯೇ; ಹೊಸ ಡಿಸ್ಕ್ ಹಾಕಿ, ಅದರ ಮೇಲೆ ಕಳೆದುಹೋದ ದತ್ತಾಂಶವನ್ನೆಲ್ಲ ಲೆಕ್ಕ ಹಾಕಿ ಬರೆದು ಮುಗಿಸುವವರೆಗೆ, ಅಂದರೆ ರೀಬಿಲ್ಡ್ ಮುಗಿಯುವವರೆಗೆ, ಅದಕ್ಕೆ ಇನ್ನೊಂದು ಪೆಟ್ಟು ತಾಳುವ ಶಕ್ತಿಯಿಲ್ಲ.

ಈ ಅವಧಿಯ ಮಹತ್ವವನ್ನು ಗಣಿತ ಸ್ಪಷ್ಟವಾಗಿ ಹೇಳುತ್ತದೆ. ಡಿಸ್ಕ್‌ಗಳು ಒಂದಕ್ಕೊಂದು ಸಂಬಂಧವಿಲ್ಲದೆ ಕೆಡುತ್ತವೆಂದು ಭಾವಿಸಿದರೆ, ರೇಡ್ 5ರಲ್ಲಿ ದತ್ತಾಂಶ ನಷ್ಟವಾಗುವವರೆಗಿನ ಸರಾಸರಿ ಕಾಲವು ಒಂದು ಡಿಸ್ಕ್‌ನ ಸರಾಸರಿ ಆಯುಷ್ಯದ ವರ್ಗವನ್ನು, ಡಿಸ್ಕ್‌ಗಳ ಸಂಖ್ಯೆ, ಅದಕ್ಕಿಂತ ಒಂದು ಕಡಿಮೆ ಸಂಖ್ಯೆ ಮತ್ತು ದುರಸ್ತಿಯ ಅವಧಿ ಈ ಮೂರರ ಗುಣಲಬ್ಧದಿಂದ ಭಾಗಿಸಿದಷ್ಟಾಗುತ್ತದೆ. ದುರಸ್ತಿಯ ಅವಧಿ ಅರ್ಧಕ್ಕಿಳಿದರೆ ಅರೇಯ ಸರಾಸರಿ ಬಾಳಿಕೆ ದುಪ್ಪಟ್ಟಾಗುತ್ತದೆಂಬುದು ಇದರ ತಾತ್ಪರ್ಯ. ರೇಡ್ 6ರಲ್ಲಿ ದುರಸ್ತಿಯ ಅವಧಿಯೂ ವರ್ಗವಾಗಿ ಬರುವುದರಿಂದ ಅದೇ ಅರ್ಧದಷ್ಟು ಉಳಿತಾಯಕ್ಕೆ ಬಾಳಿಕೆ ನಾಲ್ಕು ಪಟ್ಟು ಹೆಚ್ಚುತ್ತದೆ. ಕೆಟ್ಟ ಡಿಸ್ಕ್ ಯಾರ ಗಮನಕ್ಕೂ ಬಾರದೆ ಮೂರು ತಿಂಗಳು ಹಾಗೆಯೇ ಉಳಿದರೆ ಆ ಮೂರು ತಿಂಗಳೂ ದುರಸ್ತಿಯ ಅವಧಿಗೇ ಸೇರುತ್ತವೆ. ಆಗ ದುಬಾರಿ ಡಿಸ್ಕ್‌ಗಳನ್ನು ಕೊಂಡದ್ದರಿಂದ ಬಂದ ಲಾಭವೆಲ್ಲ ಕರಗಿಹೋಗುತ್ತದೆ.

ಡಿಸ್ಕ್‌ಗಳ ಗಾತ್ರ ಬೆಳೆದ ರೀತಿಯೂ ಈ ಅವಧಿಯನ್ನು ಹಿಗ್ಗಿಸಿದೆ. 1988ರ ಪ್ರಬಂಧದಲ್ಲಿ ಉದಾಹರಣೆಯಾಗಿ ಬಂದ ಸಣ್ಣ ಡಿಸ್ಕ್‌ನ ಸಾಮರ್ಥ್ಯ 100 ಮೆಗಾಬೈಟ್, ವೇಗ ಸೆಕೆಂಡಿಗೆ 1 ಮೆಗಾಬೈಟ್. ಅದನ್ನು ಆದ್ಯಂತ ಓದಲು ಎರಡು ನಿಮಿಷ ಸಾಕು. ಇಂದಿನ 16 ಟೆರಾಬೈಟ್ ಡಿಸ್ಕ್ ಸೆಕೆಂಡಿಗೆ 200 ಮೆಗಾಬೈಟ್ ವೇಗದಲ್ಲಿ ಓದಿದರೂ 80,000 ಸೆಕೆಂಡು, ಅಂದರೆ 22 ಗಂಟೆಗೂ ಹೆಚ್ಚು ಬೇಕು. ಸಾಮರ್ಥ್ಯ 1,60,000 ಪಟ್ಟು ಬೆಳೆದಾಗ ವೇಗ 200 ಪಟ್ಟು ಮಾತ್ರ ಬೆಳೆದಿದೆ. ಹಗಲಿನ ಕೆಲಸದ ಜೊತೆಗೇ ರೀಬಿಲ್ಡ್ ನಡೆಯಬೇಕಾದರೆ ಅದು ಹಲವು ದಿನಗಳಿಗೆ ಎಳೆಯುತ್ತದೆ, ಆ ದಿನಗಳಲ್ಲಿ ಉಳಿದ ಡಿಸ್ಕ್‌ಗಳೆಲ್ಲ ಎಂದಿಗಿಂತ ಹೆಚ್ಚು ದುಡಿಯುತ್ತವೆ.

ಇದರ ಜೊತೆಗೆ ಓದಲಾಗದ ಸೆಕ್ಟರ್‌ಗಳ ಸಮಸ್ಯೆಯಿದೆ. ದತ್ತಾಂಶವನ್ನು ಬರೆಯುವ ಚಿಕ್ಕ ಘಟಕಕ್ಕೆ ಸೆಕ್ಟರ್ ಎಂದು ಹೆಸರು. ಡಿಸ್ಕ್ ಒಟ್ಟಾರೆ ಚೆನ್ನಾಗಿದ್ದರೂ ಅಲ್ಲೊಂದು ಇಲ್ಲೊಂದು ಸೆಕ್ಟರ್ ಹಾಳಾಗಿರಬಹುದು, ಮತ್ತು ಅದನ್ನು ಓದಲು ಹೋಗುವವರೆಗೆ ವಿಷಯ ತಿಳಿಯುವುದಿಲ್ಲ. ಲಕ್ಷ್ಮಿ ಬೈರವಸುಂದರಂ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವು 15.3 ಲಕ್ಷ ಡಿಸ್ಕ್‌ಗಳನ್ನು 32 ತಿಂಗಳ ಕಾಲ ಗಮನಿಸಿ, ಅವುಗಳಲ್ಲಿ ಶೇ. 3.45ರಷ್ಟರಲ್ಲಿ ಇಂಥ ಅಡಗಿದ ದೋಷಗಳನ್ನು ಕಂಡಿತು. ಎಂಟು ಡಿಸ್ಕ್‌ಗಳ ರೇಡ್ 5ರಲ್ಲಿ ಒಂದು ಕೆಟ್ಟರೆ ಉಳಿದ ಏಳರ 112 ಟೆರಾಬೈಟನ್ನೂ ತಪ್ಪಿಲ್ಲದೆ ಓದಬೇಕಾಗುತ್ತದೆ. ಆ ಹೊತ್ತಿನಲ್ಲಿ ಅಡಗಿದ ದೋಷವೊಂದು ಎದುರಾದರೆ ಅಲ್ಲಿನ ದತ್ತಾಂಶವನ್ನು ಮರಳಿ ಲೆಕ್ಕ ಹಾಕಲು ಬೇಕಾದ ಅಂಕಿಗಳೇ ಸಾಲದಾಗುತ್ತವೆ. ದೊಡ್ಡ ಡಿಸ್ಕ್‌ಗಳ ಅರೇಗೆ ರೇಡ್ 6ನ್ನೋ ಪ್ರತಿಬಿಂಬವನ್ನೋ ಆರಿಸುವುದು ಇಂದು ರೂಢಿಯಾಗಿರುವುದಕ್ಕೆ ಇದೇ ಕಾರಣ.

ಒಟ್ಟಿಗೆ ಕೆಡುವ ಡಿಸ್ಕ್‌ಗಳು

ಮೇಲಿನ ಸೂತ್ರದಲ್ಲಿ ಒಂದು ಊಹೆಯಿದೆ: ಪ್ರತಿ ಡಿಸ್ಕ್ ತನ್ನ ಪಾಡಿಗೆ ತಾನು ಕೆಡುತ್ತದೆ ಎಂಬುದು. ವಾಸ್ತವ ಬೇರೆ. ಒಂದೇ ಅರೇಯ ಡಿಸ್ಕ್‌ಗಳು ಸಾಮಾನ್ಯವಾಗಿ ಒಂದೇ ಕಂಪನಿಯ, ಒಂದೇ ಬ್ಯಾಚಿನ, ಒಂದೇ ದಿನ ಕೊಂಡ ಡಿಸ್ಕ್‌ಗಳು. ಒಂದೇ ಪೆಟ್ಟಿಗೆಯ ಶಾಖ, ಕಂಪನ, ವಿದ್ಯುತ್ ಏರುಪೇರುಗಳನ್ನು ಅವು ಸಮನಾಗಿ ಉಂಡಿರುತ್ತವೆ. ತಯಾರಕರು ನಮೂದಿಸುವ ಹತ್ತು ಲಕ್ಷ ಗಂಟೆಗಳ ಸರಾಸರಿ ಆಯುಷ್ಯವು ವರ್ಷಕ್ಕೆ ಶೇ. 0.88ರಷ್ಟು ಕೆಡುವ ಪ್ರಮಾಣಕ್ಕೆ ಸಮ. ಬಿಯಾಂಕ ಶ್ರೋಡರ್ ಮತ್ತು ರೇಡ್‌ನ ಮೂಲ ಪ್ರಬಂಧದ ಸಹಲೇಖಕ ಗಾರ್ತ್ ಗಿಬ್ಸನ್ ಸುಮಾರು ಒಂದು ಲಕ್ಷ ಡಿಸ್ಕ್‌ಗಳ ದಾಖಲೆಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಡಿಸ್ಕ್ ಬದಲಿಸಬೇಕಾಗಿ ಬರುವ ಪ್ರಮಾಣ ವರ್ಷಕ್ಕೆ ಶೇ. 2ರಿಂದ 4ರಷ್ಟಿರುವುದು ಸಾಮಾನ್ಯವೆಂದೂ ಕೆಲವೆಡೆ ಶೇ. 13ರವರೆಗೂ ಏರಿದೆಯೆಂದೂ ಕಂಡುಬಂತು. ಒಂದು ಡಿಸ್ಕ್ ಬದಲಿಸಿದ ಬೆನ್ನಿಗೆ ಇನ್ನೊಂದನ್ನು ಬದಲಿಸಬೇಕಾಗುವ ಪ್ರವೃತ್ತಿಯೂ ಆ ದಾಖಲೆಗಳಲ್ಲಿತ್ತು. ಶೇ. 3ರ ಲೆಕ್ಕದಲ್ಲಿ, ಸಾವಿರ ಡಿಸ್ಕ್‌ಗಳಿರುವ ಕೇಂದ್ರದಲ್ಲಿ ವರ್ಷಕ್ಕೆ ಮೂವತ್ತು ಡಿಸ್ಕ್ ಬದಲಿಸುವುದು ದಿನನಿತ್ಯದ ಕೆಲಸದ ಭಾಗ.

ಮುಂಬೈಯ ಹವೆ ಈ ಚಿತ್ರಕ್ಕೆ ತನ್ನದೇ ಆದ ಅಂಶವನ್ನು ಸೇರಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 80ನ್ನು ದಾಟುವುದು ಸಾಮಾನ್ಯ, ಜೊತೆಗೆ ಕಡಲ ಗಾಳಿಯ ಉಪ್ಪಿನಂಶವೂ ಇದೆ. ಮೈಕ್ರೋಸಾಫ್ಟ್‌ನ ಒಂಬತ್ತು ಬೃಹತ್ ದತ್ತಾಂಶ ಕೇಂದ್ರಗಳ ದಾಖಲೆಗಳನ್ನು ಆಧರಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವು, ಡಿಸ್ಕ್‌ಗಳ ಕೆಡುಕಿನ ಮೇಲೆ ಉಷ್ಣತೆಗಿಂತ ಆರ್ದ್ರತೆಯ ಪರಿಣಾಮವೇ ಹೆಚ್ಚೆಂದು ತೋರಿಸಿತು. ತುಕ್ಕಿನಿಂದ ಹಾಳಾಗುವುದು ತಟ್ಟೆಗಿಂತ ಹೆಚ್ಚಾಗಿ ಡಿಸ್ಕ್‌ನ ನಿಯಂತ್ರಕ ಫಲಕ ಮತ್ತು ಅದರ ಜೋಡಣೆಯ ಭಾಗಗಳು. ದೊಡ್ಡ ಕೇಂದ್ರಗಳು ಗಾಳಿಯ ತೇವವನ್ನು ಯಂತ್ರಗಳಿಂದ ಹತೋಟಿಯಲ್ಲಿಡುತ್ತವೆ. ಸಣ್ಣ ಕಚೇರಿಯಲ್ಲಿ ಸಂಜೆ ಏಸಿ ಆರಿಸಿ ಬಾಗಿಲು ಹಾಕಿದ ಮೇಲೆ ಇಡೀ ರಾತ್ರಿ ತಿರುಗುವ ಪೆಟ್ಟಿಗೆಗೆ ಆ ಭಾಗ್ಯವಿಲ್ಲ. ಅದನ್ನು ಸಮುದ್ರದ ಕಡೆಯ ಕಿಟಕಿಯಿಂದ ದೂರ, ನೆಲದಿಂದ ಎತ್ತರದಲ್ಲಿ, ಧೂಳು ಕಡಿಮೆಯಿರುವ ಜಾಗದಲ್ಲಿ ಇಡುವುದು ಖರ್ಚಿಲ್ಲದ ಮುನ್ನೆಚ್ಚರಿಕೆ.

ವಿದ್ಯುತ್ತಿನದು ಇನ್ನೊಂದು ಸಮಾನ ಅಪಾಯ. ರೇಡ್ 5ರಲ್ಲಿ ಒಂದು ಸಣ್ಣ ಬದಲಾವಣೆ ಬರೆಯಲು ಹಳೆಯ ದತ್ತಾಂಶ ಮತ್ತು ಹಳೆಯ ಪ್ಯಾರಿಟಿಯನ್ನು ಓದಿ, ಹೊಸ ದತ್ತಾಂಶ ಮತ್ತು ಹೊಸ ಪ್ಯಾರಿಟಿಯನ್ನು ಬರೆಯಬೇಕು. ದತ್ತಾಂಶ ಬರೆದು ಪ್ಯಾರಿಟಿ ಬರೆಯುವಷ್ಟರಲ್ಲಿ ಕರೆಂಟ್ ಹೋದರೆ ಎರಡಕ್ಕೂ ತಾಳೆ ತಪ್ಪುತ್ತದೆ, ಮುಂದೊಂದು ದಿನ ಡಿಸ್ಕ್ ಕೆಟ್ಟಾಗ ಆ ತಪ್ಪು ಪ್ಯಾರಿಟಿಯಿಂದ ತಪ್ಪು ದತ್ತಾಂಶವೇ ಹುಟ್ಟುತ್ತದೆ. ಈ ಬಿರುಕಿಗೆ ರೈಟ್ ಹೋಲ್ ಎನ್ನುತ್ತಾರೆ; ಅರೇಯನ್ನು ನಡೆಸುವ ಕಂಟ್ರೋಲರ್‌ನ ಬ್ಯಾಟರಿ ಬೆಂಬಲವಿರುವ ಸ್ಮೃತಿ, ಬರೆಯುವ ಮುನ್ನ ದಾಖಲಿಸುವ ಜರ್ನಲ್ ಮತ್ತು ಯುಪಿಎಸ್ ಇದಕ್ಕೆ ಪರಿಹಾರ. ವಿದ್ಯುತ್ ವಿಶ್ವಾಸಾರ್ಹವೆಂದೇ ಹೆಸರಾದ ಮುಂಬೈಯಲ್ಲೂ 2020ರ ಅಕ್ಟೋಬರ್ 12ರ ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಜಾಲ ಕುಸಿದು ನಗರ ಮತ್ತು ಉಪನಗರಗಳು ಕತ್ತಲಾದವು, ಲೋಕಲ್ ರೈಲುಗಳು ನಿಂತವು. ಪರ್ಯಾಯ ವಿದ್ಯುತ್ ವ್ಯವಸ್ಥೆಯಿದ್ದ ಎರಡೂ ಷೇರುಪೇಟೆಗಳು ಮಾತ್ರ ಆ ದಿನ ಎಂದಿನಂತೆ ನಡೆದವು. ಅಂಥ ಮುಂಜಾಗ್ರತೆಯಿಲ್ಲದ ಕಡೆ ಬ್ಯಾಟರಿಯ ಆಯುಷ್ಯ ಮುಗಿದಿರುವುದು ಗೊತ್ತಾಗುವುದು ಇಂಥ ಬೆಳಿಗ್ಗೆಯೇ.

ನಿರ್ವಹಣೆಯ ದಿನಚರಿ

ಕಾಲಾವಕಾಶವನ್ನು ಬಳಸಿಕೊಳ್ಳುವ ಮೊದಲ ಹೆಜ್ಜೆ ಕೆಡುಕು ತಿಳಿಯುವುದು. ಲಿನಕ್ಸ್ ವ್ಯವಸ್ಥೆಯಲ್ಲಿ ಅರೇಯ ಸ್ಥಿತಿಯನ್ನು ಒಂದು ಸಾಲಿನಲ್ಲಿ ನೋಡಬಹುದು: ನಾಲ್ಕು ಡಿಸ್ಕ್‌ಗಳೂ ಸರಿಯಿದ್ದರೆ ಚೌಕ ಆವರಣದೊಳಗೆ ‘ಯು’ ಎಂಬ ಇಂಗ್ಲಿಷ್ ಅಕ್ಷರ ನಾಲ್ಕು ಬಾರಿ ಕಾಣುತ್ತದೆ, ಮೂರನೆಯದು ಕೆಟ್ಟಿದ್ದರೆ ಆ ಸ್ಥಾನದಲ್ಲಿ ಅಕ್ಷರದ ಬದಲು ಒಂದು ಅಡಿಗೆರೆ ಇರುತ್ತದೆ. ಅರೇಯ ಭವಿಷ್ಯವೆಲ್ಲ ಅಡಗಿರುವ ಆ ಪುಟ್ಟ ಗೆರೆಯನ್ನು ಯಾರಾದರೂ ಬಂದು ನೋಡಲಿ ಎಂದು ಬಿಡುವುದು ತಪ್ಪು. ಡಿಸ್ಕ್ ಕೆಟ್ಟೊಡನೆ ಹೊಣೆ ಹೊತ್ತವರ ಮೊಬೈಲಿಗೋ ಇಮೇಲಿಗೋ ಸಂದೇಶ ತಾನಾಗಿ ಹೋಗುವಂತೆ ಮಾಡಿ, ಆ ಸಂದೇಶ ನಿಜವಾಗಿಯೂ ತಲುಪುತ್ತದೆಯೇ ಎಂದು ಆಗಾಗ ಪರೀಕ್ಷಿಸಬೇಕು. ಕೆಲಸ ಬಿಟ್ಟುಹೋದ ಸಿಬ್ಬಂದಿಯ ವಿಳಾಸಕ್ಕೆ ಎಚ್ಚರಿಕೆ ಹೋಗುತ್ತಿದ್ದರೆ ಎಚ್ಚರಿಕೆಯೇ ಇಲ್ಲದಂತೆ.

ಎರಡನೆಯದು, ಅಡಗಿದ ದೋಷಗಳನ್ನು ಮುಂಚೆಯೇ ಹುಡುಕುವುದು. ಅರೇಯ ಪ್ರತಿಯೊಂದು ಸೆಕ್ಟರನ್ನೂ ನಿಯತವಾಗಿ ಓದಿ, ದತ್ತಾಂಶಕ್ಕೂ ಪ್ಯಾರಿಟಿಗೂ ತಾಳೆ ನೋಡುವ ಈ ಕ್ರಮವನ್ನು ಸ್ಕ್ರಬ್ಬಿಂಗ್ ಎನ್ನುತ್ತಾರೆ. ಓದಲಾಗದ ಸೆಕ್ಟರ್ ಸಿಕ್ಕರೆ, ಉಳಿದ ಡಿಸ್ಕ್‌ಗಳೆಲ್ಲ ಸರಿಯಿರುವಾಗಲೇ ಅದರ ದತ್ತಾಂಶವನ್ನು ಲೆಕ್ಕ ಹಾಕಿ ಮತ್ತೆ ಬರೆಯಲಾಗುತ್ತದೆ. ಡೆಬಿಯನ್ ಲಿನಕ್ಸ್‌ನಲ್ಲಿ ಈ ತಪಾಸಣೆ ಪ್ರತಿ ತಿಂಗಳ ಮೊದಲ ಭಾನುವಾರ ಮಧ್ಯರಾತ್ರಿ ಕಳೆದ ಮೇಲೆ ತಾನಾಗಿ ಶುರುವಾಗುವಂತೆ ನಿಗದಿಯಾಗಿರುತ್ತದೆ. ಹಳೆಯ ಫೋಟೊ, ಮುಚ್ಚಿದ ಲೆಕ್ಕಪುಸ್ತಕಗಳಂಥ ವರ್ಷಗಟ್ಟಲೆ ಯಾರೂ ತೆರೆಯದ ಕಡತಗಳಿಗೆ ಸ್ಕ್ರಬ್ಬಿಂಗ್ ಹೊರತು ಬೇರೆ ಓದುಗರಿಲ್ಲ. ಅದನ್ನು ನಿಲ್ಲಿಸಿದ ಅರೇಯಲ್ಲಿ ದೋಷಗಳು ರೀಬಿಲ್ಡ್‌ನ ದಿನದವರೆಗೆ ಕೂಡಿಡಲ್ಪಡುತ್ತವೆ.

ಮೂರನೆಯದು, ಡಿಸ್ಕ್ ತನ್ನ ಬಗ್ಗೆ ತಾನೇ ಇಟ್ಟುಕೊಳ್ಳುವ ದಾಖಲೆ. ಸ್ಮಾರ್ಟ್ ಎಂಬ ಹೆಸರಿನ ಈ ವ್ಯವಸ್ಥೆಯು ಕೆಟ್ಟ ಸೆಕ್ಟರ್‌ಗಳನ್ನು ಎಷ್ಟು ಬಾರಿ ಮೀಸಲು ಜಾಗಕ್ಕೆ ಸರಿಸಲಾಗಿದೆ, ಎಷ್ಟು ಸೆಕ್ಟರ್‌ಗಳು ಅನುಮಾನದ ಪಟ್ಟಿಯಲ್ಲಿವೆ, ಡಿಸ್ಕ್ ಎಷ್ಟು ಗಂಟೆ ಓಡಿದೆ ಎಂಬುದನ್ನೆಲ್ಲ ಎಣಿಸುತ್ತದೆ. ಗೂಗಲ್‌ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಬಗ್ಗೆ 2007ರಲ್ಲಿ ಬಂದ ಅಧ್ಯಯನದ ಪ್ರಕಾರ, ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಾಣಿಸಿಕೊಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ ಇತರ ಡಿಸ್ಕ್‌ಗಳಿಗಿಂತ 39 ಪಟ್ಟು ಹೆಚ್ಚು. ಅದೇ ಅಧ್ಯಯನದಲ್ಲಿ ಕೆಟ್ಟ ಡಿಸ್ಕ್‌ಗಳ ಪೈಕಿ ಶೇ. 56ಕ್ಕೂ ಹೆಚ್ಚಿನವು ನಾಲ್ಕು ಪ್ರಬಲ ಸೂಚಕಗಳಲ್ಲಿ ಯಾವೊಂದನ್ನೂ ತೋರಿಸದೆಯೇ ಕೆಟ್ಟವು. ಸೂಚಕ ಕಂಡರೆ ಡಿಸ್ಕ್ ಬದಲಿಸಬೇಕು. ಕಾಣದಿದ್ದರೆ ನಿಶ್ಚಿಂತೆಯಾಗಿರಬಹುದೆಂದು ಅರ್ಥವಲ್ಲ.

ನಾಲ್ಕನೆಯದು, ಬದಲಿಸುವ ಕೆಲಸದ ಶಿಸ್ತು. ಪೆಟ್ಟಿಗೆಯಲ್ಲೇ ಸಿದ್ಧವಾಗಿ ಕುಳಿತು, ಒಂದು ಡಿಸ್ಕ್ ಕೆಟ್ಟ ಕೂಡಲೇ ಅದರ ಸ್ಥಾನವನ್ನು ತುಂಬುವ ಡಿಸ್ಕ್‌ಗೆ ಹಾಟ್ ಸ್ಪೇರ್ ಎನ್ನುತ್ತಾರೆ. ಸಿಬ್ಬಂದಿ ಬರುವವರೆಗಿನ ಗಂಟೆಗಳನ್ನು ಅದು ಉಳಿಸುತ್ತದೆ. ಮನೆಬಳಕೆಯ ಗಣಕಕ್ಕೆಂದು ಮಾಡಿದ ಡಿಸ್ಕ್ ಓದಲಾಗದ ಸೆಕ್ಟರನ್ನು ಓದಲು ಬಹಳ ಹೊತ್ತು ಹೆಣಗುತ್ತದೆ, ಅಷ್ಟರಲ್ಲಿ ಕಂಟ್ರೋಲರ್ ಅದನ್ನು ಸತ್ತಿತೆಂದು ಭಾವಿಸಿ ಅರೇಯಿಂದ ಹೊರಹಾಕುತ್ತದೆ. ಅರೇಗಾಗಿಯೇ ತಯಾರಾದ ಡಿಸ್ಕ್‌ಗಳು ಸುಮಾರು ಏಳು ಸೆಕೆಂಡುಗಳಲ್ಲಿ ಪ್ರಯತ್ನ ಬಿಟ್ಟು ವರದಿ ಮಾಡುತ್ತವೆ. ಎಲ್ಲಕ್ಕಿಂತ ಸರಳವೂ ಎಲ್ಲಕ್ಕಿಂತ ದುಬಾರಿಯೂ ಆದ ತಪ್ಪೆಂದರೆ ಕೆಟ್ಟ ಡಿಸ್ಕ್‌ನ ಬದಲು ಪಕ್ಕದ ಒಳ್ಳೆಯ ಡಿಸ್ಕನ್ನು ಎಳೆಯುವುದು. ಕುಂದಿದ ಸ್ಥಿತಿಯ ರೇಡ್ 5 ಅರೇ ಆ ಕ್ಷಣದಲ್ಲೇ ನಿಂತುಹೋಗುತ್ತದೆ. ಆದುದರಿಂದ ಪ್ರತಿ ಡಿಸ್ಕ್‌ನ ಕ್ರಮಸಂಖ್ಯೆಯನ್ನು ಅದರ ಟ್ರೇಯ ಹೊರಭಾಗದಲ್ಲಿ ಅಂಟಿಸಿ, ತೆಗೆಯುವ ಮುನ್ನ ಆ ಟ್ರೇಯ ದೀಪವನ್ನು ಮಿನುಗಿಸಿ, ಪರದೆಯ ಮೇಲಿನ ಸಂಖ್ಯೆಗೂ ಚೀಟಿಯ ಸಂಖ್ಯೆಗೂ ತಾಳೆ ನೋಡಿದ ಬಳಿಕವೇ ಕೈ ಹಾಕುವುದು ಅನುಭವಸ್ಥರ ಕ್ರಮ.

ಇಷ್ಟೆಲ್ಲ ಮಾಡಿದರೂ ರೇಡ್ ಬ್ಯಾಕಪ್ ಆಗುವುದಿಲ್ಲ. ಬಳಕೆದಾರ ತಪ್ಪಿ ಅಳಿಸಿದ ಕಡತವನ್ನು ಅರೇ ಎಲ್ಲ ಡಿಸ್ಕ್‌ಗಳಿಂದಲೂ ನಿಷ್ಠೆಯಿಂದ ಅಳಿಸುತ್ತದೆ. ಸುಲಿಗೆ ತಂತ್ರಾಂಶ ಬೀಗ ಹಾಕಿದ ಕಡತವನ್ನು ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದು ಮಿಠಿ ನದಿ ಉಕ್ಕಿದಂಥ ದಿನ, ನೆಲಮಹಡಿಯಲ್ಲಿರುವ ಪೆಟ್ಟಿಗೆಯ ಎಂಟು ಡಿಸ್ಕ್‌ಗಳೂ ಒಟ್ಟಿಗೆ ಮುಳುಗುತ್ತವೆ, ಯಾವ ಪ್ಯಾರಿಟಿಯೂ ಆಗ ಉಪಯೋಗಕ್ಕೆ ಬಾರದು. ಇನ್ನೊಂದು ಕಟ್ಟಡದಲ್ಲಿ, ಸಾಧ್ಯವಾದರೆ ಇನ್ನೊಂದು ಊರಿನಲ್ಲಿ ಪ್ರತಿಯಿರಬೇಕು.

2021ರ ಫೆಬ್ರುವರಿ 24

ದೊಡ್ಡ ಸಂಸ್ಥೆಗಳಲ್ಲಿ ಡಿಸ್ಕ್ ಅರೇಗಳು ಸರ್ವರ್‌ಗಳ ಒಳಗಿರುವುದಿಲ್ಲ. ಹಲವು ಅರೇಗಳನ್ನು ವೇಗದ ಪ್ರತ್ಯೇಕ ಜಾಲದ ಮೂಲಕ ಎಲ್ಲ ಸರ್ವರ್‌ಗಳಿಗೂ ಒದಗಿಸುವ ಸ್ಯಾನ್ ಎಂಬ ಸಂಗ್ರಹ ಜಾಲ ಅಲ್ಲಿರುತ್ತದೆ. ರೇಡ್‌ನ ಪ್ರತಿಬಿಂಬ ತತ್ತ್ವವನ್ನೇ ಹಿಗ್ಗಿಸಿ, ಒಂದು ಕಟ್ಟಡದ ಸ್ಯಾನ್ ಮೇಲೆ ಬರೆದುದನ್ನು ಇನ್ನೊಂದು ಕಟ್ಟಡದಲ್ಲೂ ಬರೆದಾದ ಮೇಲೆಯೇ ‘ಬರೆದಾಯಿತು’ ಎಂದು ಸರ್ವರ್‌ಗೆ ತಿಳಿಸುವ ಕ್ರಮಕ್ಕೆ ಸಿಂಕ್ರನಸ್, ಅಂದರೆ ಏಕಕಾಲಿಕ ಪ್ರತಿ ಎಂದು ಹೆಸರು. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ಐದು ಕಿಲೋಮೀಟರ್ ದೂರಕ್ಕೆ ಹೋಗಿ ಬರಲು ಸೆಕೆಂಡಿನ ಇಪ್ಪತ್ತು ಸಾವಿರದಲ್ಲಿ ಒಂದು ಭಾಗ ಸಾಕು, ಸಾವಿರ ಕಿಲೋಮೀಟರ್‌ಗೆ ಸೆಕೆಂಡಿನ ನೂರನೆಯ ಒಂದು ಭಾಗ ಬೇಕು. ಷೇರುಪೇಟೆಯ ವೇಗಕ್ಕೆ ಎರಡನೆಯದು ತೀರಾ ನಿಧಾನ. ಹಾಗಾಗಿ ಒಂದು ವ್ಯವಹಾರವೂ ಕಳೆಯದಂತೆ ಕಾಪಾಡಲು ನಗರದಲ್ಲೇ ಸಮೀಪದ ಕೇಂದ್ರವೊಂದನ್ನೂ, ಇಡೀ ನಗರವೇ ಸಂಕಟಕ್ಕೆ ಸಿಲುಕಿದರೆ ಕೆಲಸ ಮುಂದುವರಿಸಲು ದೂರದ ಕೇಂದ್ರವೊಂದನ್ನೂ ಇಡಲಾಗುತ್ತದೆ; ಎನ್‌ಎಸ್‌ಇಯ ದೂರದ ಕೇಂದ್ರವಿರುವುದು ಚೆನ್ನೈಯಲ್ಲಿ.

2021ರ ಫೆಬ್ರುವರಿ 24ರ ಬುಧವಾರ, ಫ್ಯೂಚರ್ಸ್ ಮತ್ತು ಆಪ್ಷನ್ಸ್ ಒಪ್ಪಂದಗಳ ಮಾಸಿಕ ಅವಧಿ ಮುಗಿಯುವ ಹಿಂದಿನ ದಿನ, ಬೆಳಿಗ್ಗೆ 11 ಗಂಟೆ 40 ನಿಮಿಷಕ್ಕೆ ಎನ್‌ಎಸ್‌ಇ ತನ್ನ ವಹಿವಾಟನ್ನು ನಿಲ್ಲಿಸಿತು. ವಹಿವಾಟು ಮತ್ತೆ ಶುರುವಾದದ್ದು ಮಧ್ಯಾಹ್ನ 3 ಗಂಟೆ 45 ನಿಮಿಷಕ್ಕೆ. ಅಂದು ಪೇಟೆಯನ್ನು ಸಂಜೆ 5ರವರೆಗೆ ವಿಸ್ತರಿಸಲಾಯಿತು. ಸಂಸ್ಥೆ ಮುಂದೆ ಹೊರಡಿಸಿದ ವಿವರಣೆಯಂತೆ, ಮುಖ್ಯ ಕೇಂದ್ರ ಮತ್ತು ಸಮೀಪದ ಕೇಂದ್ರಗಳ ನಡುವೆ ಎರಡು ದೂರಸಂಪರ್ಕ ಕಂಪನಿಗಳ ಸಂಪರ್ಕಗಳಿದ್ದು, ದಾರಿಯ ಅಗೆತ ಮತ್ತು ಕಾಮಗಾರಿಗಳಿಂದಾಗಿ ಅವು ಅಸ್ಥಿರವಾದವು. ಸಮೀಪದ ಕೇಂದ್ರದ ಸಂಪರ್ಕ ಹೋದರೂ ಮುಖ್ಯ ಕೇಂದ್ರದ ಸ್ಯಾನ್ ಕೆಲಸ ಮುಂದುವರಿಸಬೇಕಾಗಿತ್ತು. ಅದರ ಬದಲು ಅದು ಸರ್ವರ್‌ಗಳಿಗೆ ಸಿಗದಂತಾಯಿತು. ವಹಿವಾಟಿನ ವ್ಯವಸ್ಥೆ ನಡೆಯುತ್ತಿದ್ದರೂ ಅಪಾಯ ನಿರ್ವಹಣೆ, ತೀರುವಳಿ, ಸೂಚ್ಯಂಕ ಮತ್ತು ನಿಗಾ ವ್ಯವಸ್ಥೆಗಳು ಅಲಭ್ಯವಾದುದರಿಂದ ಪೇಟೆಯನ್ನು ನಿಲ್ಲಿಸದೆ ಗತ್ಯಂತರವಿರಲಿಲ್ಲ.

ಈ ಘಟನೆಯಲ್ಲಿ ಸೋತದ್ದು ಡಿಸ್ಕ್‌ಗಳಲ್ಲ, ಪ್ರತಿಗಳನ್ನು ಒಂದಕ್ಕೊಂದು ಹೊಂದಿಸುವ ಜೋಡಣೆ. ಪ್ರತಿಯೊಂದು ಹೆಚ್ಚುವರಿ ಭಾಗವೂ, ಯಾವಾಗ ಯಾವುದನ್ನು ನಂಬಬೇಕೆಂದು ನಿರ್ಧರಿಸುವ ಒಂದು ತರ್ಕವನ್ನು ತನ್ನ ಜೊತೆಗೆ ತರುತ್ತದೆ. ಇನ್ನೊಂದು ಬದಿಯಿಂದ ಉತ್ತರ ಬಾರದಿದ್ದಾಗ, ಅಲ್ಲಿನ ಯಂತ್ರ ಸತ್ತಿದೆಯೋ ನಡುವಿನ ತಂತಿ ಕಡಿದಿದೆಯೋ ಎಂಬುದು ಈ ಬದಿಗೆ ತಿಳಿಯದು. ಬರೆಯುತ್ತಲೇ ಹೋದರೆ ಎರಡು ಪ್ರತಿಗಳು ಬೇರೆಯಾಗುವ ಭಯ, ನಿಲ್ಲಿಸಿದರೆ ಸೇವೆ ನಿಲ್ಲುವ ಭಯ. ಆ ತರ್ಕ ಕಾಗದದ ಮೇಲೆ ಸರಿಯಿರಬಹುದು, ಆದರೆ ಎರಡೂ ಸಂಪರ್ಕಗಳು ಕಡಿಯದೆ ಮಿಡುಕುತ್ತಿರುವಂಥ ಅರೆಬರೆ ಸ್ಥಿತಿಯಲ್ಲಿ ಅದು ಹೇಗೆ ವರ್ತಿಸುತ್ತದೆಂಬುದು ಪರೀಕ್ಷಿಸಿದಾಗಲೇ ತಿಳಿಯುವ ಸಂಗತಿ. ಎರಡು ಬೇರೆ ಕಂಪನಿಗಳ ಸಂಪರ್ಕಗಳೂ ಒಂದೇ ದಿನ ತೊಂದರೆಗೊಳಗಾದದ್ದು, ಒಂದೇ ಬ್ಯಾಚಿನ ಡಿಸ್ಕ್‌ಗಳು ಒಟ್ಟಿಗೆ ಕೆಡುವ ಸಮಸ್ಯೆಯ ದೊಡ್ಡ ರೂಪವೇ.

ಭಾರತೀಯ ಷೇರು ಮತ್ತು ವಿನಿಮಯ ಮಂಡಳಿ, ಅಂದರೆ ಸೆಬಿ, 2021ರ ಮಾರ್ಚ್‌ನಲ್ಲಿ ನಿಯಮಗಳನ್ನು ಬಿಗಿಗೊಳಿಸಿತು. ಮುಖ್ಯ ವ್ಯವಸ್ಥೆಯೊಂದು ಕುಸಿದರೆ 30 ನಿಮಿಷಗಳೊಳಗೆ ಅದನ್ನು ವಿಪತ್ತೆಂದು ಘೋಷಿಸಬೇಕು, 45 ನಿಮಿಷಗಳಲ್ಲಿ ಸೇವೆ ಮರಳಬೇಕು, ಕಳೆದುಹೋಗಬಹುದಾದ ದತ್ತಾಂಶ 15 ನಿಮಿಷಗಳದ್ದನ್ನು ಮೀರಬಾರದು ಎಂಬುದು ಅದರ ಸಾರ. ಇವೆಲ್ಲವೂ ಯಂತ್ರಗಳ ಸಂಖ್ಯೆಯನ್ನಲ್ಲ, ಸಮಯವನ್ನು ಅಳೆಯುವ ನಿಯಮಗಳೆಂಬುದು ಗಮನಾರ್ಹ. 2024ರ ಮಾರ್ಚ್ 2ರ ಶನಿವಾರ ಷೇರುಪೇಟೆಗಳು ವಿಶೇಷವಾಗಿ ತೆರೆದು, ಮೊದಲ ಅವಧಿಯ ವಹಿವಾಟನ್ನು ಮುಖ್ಯ ಕೇಂದ್ರದಿಂದಲೂ ಎರಡನೆಯ ಅವಧಿಯದನ್ನು ದೂರದ ಕೇಂದ್ರದಿಂದಲೂ ನಿಜವಾದ ಹಣದಲ್ಲೇ ನಡೆಸಿದವು. ಅದೇ ವರ್ಷದ ಮೇ 18ರಂದು ಅದನ್ನು ಮತ್ತೊಮ್ಮೆ ಮಾಡಿದವು.

ಡೊಂಬಿವಲಿಯ ಒಂದು ಸಣ್ಣ ಕಚೇರಿಗೂ ಇದೇ ಕ್ರಮ ಅನ್ವಯಿಸುತ್ತದೆ, ಅಳತೆ ಮಾತ್ರ ಬೇರೆ. ಹೊಸ ಅರೇ ಕಟ್ಟಿದ ವಾರದಲ್ಲೇ, ಅದರಲ್ಲಿ ಅಮೂಲ್ಯವಾದದ್ದೇನೂ ಇಲ್ಲದಿರುವಾಗ, ಬೇಕೆಂದೇ ಒಂದು ಡಿಸ್ಕನ್ನು ಎಳೆದು ಎಚ್ಚರಿಕೆಯ ಸಂದೇಶ ಬರುತ್ತದೆಯೇ, ಹಾಟ್ ಸ್ಪೇರ್ ಕೆಲಸಕ್ಕೆ ಇಳಿಯುತ್ತದೆಯೇ, ರೀಬಿಲ್ಡ್‌ಗೆ ಎಷ್ಟು ಗಂಟೆ ಹಿಡಿಯುತ್ತದೆ ಎಂದು ಬರೆದಿಟ್ಟುಕೊಳ್ಳಬೇಕು. ವರ್ಷಕ್ಕೊಮ್ಮೆಯಾದರೂ ಬ್ಯಾಕಪ್‌ನಿಂದ ಕೆಲವು ಕಡತಗಳನ್ನು ಮರಳಿ ತಂದು ತೆರೆದು ನೋಡಬೇಕು, ಮಳೆಗಾಲಕ್ಕೆ ಮುನ್ನ ಯುಪಿಎಸ್‌ನ ಬ್ಯಾಟರಿಯನ್ನು ಪರೀಕ್ಷಿಸಬೇಕು, ತಿಂಗಳ ಸ್ಕ್ರಬ್ಬಿಂಗ್ ನಿಜವಾಗಿ ಮುಗಿಯಿತೇ ಎಂದು ದಾಖಲೆ ನೋಡಬೇಕು, ಐದಾರು ವರ್ಷ ತುಂಬಿದ ಡಿಸ್ಕ್‌ಗಳನ್ನು ಒಂದೊಂದಾಗಿ, ಬೇರೆ ಬೇರೆ ಬ್ಯಾಚಿನವುಗಳಿಂದ ಬದಲಿಸುತ್ತ ಹೋಗಬೇಕು. ಇದಕ್ಕೆಲ್ಲ ಬೇಕಾಗುವುದು ತಿಂಗಳಿಗೆ ಕೆಲವು ಗಂಟೆಗಳ ದುಡಿಮೆ ಮತ್ತು ಹೊಣೆ ಹೊತ್ತ ಒಬ್ಬ ವ್ಯಕ್ತಿ. ಹೆಚ್ಚುವರಿ ಡಿಸ್ಕ್‌ಗೆ ತೆತ್ತ ಬೆಲೆ ಸಾರ್ಥಕವಾಗುವುದು ಆ ವ್ಯಕ್ತಿಯ ಕೆಲಸದಿಂದ. ಡಿಸ್ಕ್ ಕೊಳ್ಳುವ ಆಯವ್ಯಯದಲ್ಲೇ ಆ ಕೆಲಸಕ್ಕೂ ಹಣ ಮತ್ತು ಸಮಯವನ್ನು ತೆಗೆದಿಡುವ ಸಂಸ್ಥೆಯ ದಾಖಲೆಗಳು ಉಳಿಯುವ ಸಾಧ್ಯತೆ ಹೆಚ್ಚು.